ಇಬ್ಬರು ನೋಡಿದ ಸಂಖ್ಯೆ

ಆ ಕಾರ್ಯಾಗಾರದಲ್ಲಿ ಒಬ್ಬರೇ ನೋಡಿದ ಅಳತೆಗೆ ಬೆಲೆ ಇರಲಿಲ್ಲ. ಬಾಯ್ಲರುಗಳಿಂದ, ಡೈರಿಗಳಿಂದ, ಆಸ್ಪತ್ರೆಗಳ ಸ್ಟೆರಿಲೈಸರುಗಳಿಂದ ಬಿಚ್ಚಿ ತಂದ ಪ್ರೆಶರ್ ಗೇಜುಗಳನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಕಿಟಕಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಒಂದು ಕೈಪಂಪು. ಅದರಿಂದ ಹೊರಟ ಕೊಳವೆಗೆ ಎರಡು ಬಾಯಿ. ಒಂದರಲ್ಲಿ ಗಿರಾಕಿಯ ಗೇಜು, ಇನ್ನೊಂದರಲ್ಲಿ ಮಾಸ್ಟರ್ ಗೇಜು. ಪಂಪು ಒತ್ತಿದರೆ ಎರಡಕ್ಕೂ ಒಂದೇ ಒತ್ತಡ. ಮಾಸ್ಟರ್ ತೋರಿಸಿದ್ದು ಸತ್ಯ. ಇನ್ನೊಂದು ಎಷ್ಟು ಸುಳ್ಳು ಹೇಳುತ್ತಿದೆ ಎಂಬುದಷ್ಟೇ ತಿಳಿಯಬೇಕಾದದ್ದು.

ಮೊದಲು ಅಣ್ಣ ಬಾಗಿ ಓದುತ್ತಿದ್ದ, ಆಮೇಲೆ ತಂಗಿ. ಮಾಸ್ಟರಿನ ಮುಳ್ಳಿನ ಹಿಂದೆ ಕನ್ನಡಿಯ ಒಂದು ಪಟ್ಟಿ ಇತ್ತು. ಮುಳ್ಳು ಮತ್ತು ಅದರ ಬಿಂಬ ಒಂದರ ಹಿಂದೊಂದು ಅಡಗಿದಾಗ ಮಾತ್ರ ಕಣ್ಣು ನೇರಕ್ಕಿದೆ ಎಂದು ಅರ್ಥ. ಇಬ್ಬರೂ ಒಂದೇ ಸಂಖ್ಯೆ ಹೇಳಿದರೆ ಗೇಜಿನ ಕುತ್ತಿಗೆಗೆ ಚೀಟಿ ಕಟ್ಟಿ ಇಬ್ಬರೂ ಸಹಿ ಹಾಕುತ್ತಿದ್ದರು. ಪಾಸಾದದ್ದಕ್ಕೆ ಬಿಳಿ ಚೀಟಿ, ಕೆಟ್ಟದ್ದಕ್ಕೆ ಕೆಂಪು. ಅದು ತಂದೆ ಮಾಡಿಟ್ಟುಹೋದ ಪದ್ಧತಿ. ಬೆಳಗಿನಿಂದ ಮುಳ್ಳು ನೋಡುತ್ತ ಕೂತವನಿಗೆ ಮಧ್ಯಾಹ್ನದ ಹೊತ್ತಿಗೆ ತಾನು ನಿರೀಕ್ಷಿಸಿದ್ದೇ ಕಾಣತೊಡಗುತ್ತದೆ ಎಂಬುದು ಅವರ ಅನುಭವವಾಗಿತ್ತು.

ತಂದೆ ತೀರಿಕೊಂಡಾಗ ಅಣ್ಣ ಸಮುದ್ರದಾಚೆಯ ಒಂದು ಬಂದರಿನಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದ. ಭೌತಶಾಸ್ತ್ರ ಓದಿ ತಂದೆಯ ಜೊತೆ ಕಟ್ಟೆಗೆ ನಿಂತಿದ್ದವಳು ತಂಗಿ. ಅಣ್ಣ ಬಂದು ಯಜಮಾನನ ಕುರ್ಚಿಯಲ್ಲಿ ಕೂತ. ತಂಗಿ ಎರಡನೇ ಕಣ್ಣಾಗಿಯೇ ಉಳಿದಳು. ಅವಳು ಏನಾದರೂ ತಿದ್ದಿದರೆ ಅವನು "ಆಯ್ತು ವಿಜ್ಞಾನಿಗಳೇ" ಎನ್ನುತ್ತಿದ್ದ, ಗಿರಾಕಿಗಳ ಎದುರಿಗೇ.

ಅವನು ಬರುವಾಗ ಎರಡು ವಸ್ತು ತಂದಿದ್ದ. ಒಂದು, ಆ ದೇಶದ ವಾಸದ ಪರವಾನಗಿ, ಇನ್ನೂ ಅವಧಿ ಮುಗಿಯದ್ದು. ಇನ್ನೊಂದು, ಅಲ್ಲಿನ ಒಂದು ಹಡಗು ಕಂಪನಿಯ ಗೇಜುಗಳನ್ನು ಪರೀಕ್ಷಿಸುವ ಕೆಲಸ. ಗೇಜುಗಳು ಪೆಟ್ಟಿಗೆಗಟ್ಟಲೆ ಬರುತ್ತಿದ್ದವು, ಚೀಟಿ ಕಟ್ಟಿಸಿಕೊಂಡು ಹೋಗುತ್ತಿದ್ದವು. ಆಮೇಲೆ ಎರಡು ದೇಶಗಳ ನಡುವೆ ಸಂಬಂಧ ಕೆಟ್ಟುಹೋಗಿ ಬ್ಯಾಂಕುಗಳು ಹಣ ದಾಟಿಸುವುದನ್ನು ನಿಲ್ಲಿಸಿದವು. ಕಂಪನಿಯವರು ಡಾಲರಿಗೆ ಸಮನಾದ ಒಂದು ಕ್ರಿಪ್ಟೋ ನಾಣ್ಯದಲ್ಲಿ ಕೊಡುತ್ತೇವೆಂದರು. ಅಣ್ಣ ತನ್ನ ಪರವಾನಗಿ ತೋರಿಸಿ, ಅಂಥ ನಾಣ್ಯ ಇಡಲು, ಬದಲಿಸಲು ಇರುವ ಅಲ್ಲಿನ ಒಂದು ಎಕ್ಸ್‌ಚೇಂಜಿನಲ್ಲಿ ಖಾತೆ ತೆರೆದ. ಈಚೆಯ ದೇಶದಲ್ಲಿ ವಾಸಿಸುವವರಿಗೆ ಖಾತೆ ಇಲ್ಲ ಎಂಬುದು ಎಕ್ಸ್‌ಚೇಂಜಿನ ನಿಯಮ. ಹಾಗಾಗಿ ಬಂದರಿನ ಗೆಳೆಯನೊಬ್ಬನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪು ಸದಾ ಚಾಲೂ ಇರುತ್ತಿತ್ತು. ಅಣ್ಣ ಇಲ್ಲಿಂದ ಇಂಟರ್ನೆಟ್ಟಿನಲ್ಲಿ ಅದರೊಳಗೆ ಹೊಕ್ಕು, ಅದರ ಮೂಲಕವೇ ಖಾತೆ ನೋಡುತ್ತಿದ್ದ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಅವನು ಆ ಬಂದರು ಬಿಟ್ಟು ಹೊರಟೇ ಇರಲಿಲ್ಲ.

ಆ ಖಾತೆಯ ಹಣದಲ್ಲಿ ಅರ್ಧ ತಂಗಿಯದು. ಎರಡು ವರ್ಷದಿಂದ ಸೇರುತ್ತ ಬಂದದ್ದು.

ತಂಗಿಗೆ ಒಂದು ಜಾಗ ಸಿಕ್ಕಿತ್ತು. ನೆಲಮಹಡಿಯ ಕೋಣೆ, ಉತ್ತರದ ಬೆಳಕು, ದಪ್ಪ ಕಾಂಕ್ರೀಟಿನ ನೆಲ. ಅವಳು ಒಂದು ಲೋಟ ನೀರನ್ನು ನೆಲದ ನಡುವೆ ಇಟ್ಟು, ಹೊರಗೆ ಲಾರಿ ಹೋಗುವವರೆಗೂ ಕಾದು ನೋಡಿದ್ದಳು. ನೀರಿನ ಮೇಲೆ ಒಂದು ಸುಕ್ಕೂ ಮೂಡಲಿಲ್ಲ. ಮನೆಯ ಒಡತಿ ನಕ್ಕು, "ಎಲ್ಲರೂ ನಲ್ಲಿ ತಿರುಗಿಸಿ ನೋಡ್ತಾರೆ, ನೀನೊಬ್ಬಳು ನೆಲಕ್ಕೆ ನೀರು ಕುಡಿಸ್ತಿದೀಯ" ಎಂದು, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದರು. ಅಲ್ಲಿ ತನ್ನದೇ ಕಟ್ಟೆ, ಮೊದಲು ಓದುವವಳು ತಾನೇ. ಅದಕ್ಕೆ ಬೇಕಿದ್ದದ್ದು ಅಡ್ವಾನ್ಸು ಮತ್ತು ಒಂದು ಮಾಸ್ಟರ್ ಗೇಜು. ಎರಡಕ್ಕೂ ಸಾಕಾಗುವಷ್ಟು ಹಣ ಸಮುದ್ರದಾಚೆ ಇತ್ತು.

"ನನ್ನ ಅರ್ಧ ತೆಗೆದುಕೊಡು ಅಣ್ಣ" ಎಂದಳು ಒಂದು ಬೆಳಿಗ್ಗೆ.

"ಇದೆಯಲ್ಲ. ಎಲ್ಲಿಗೆ ಓಡಿಹೋಗುತ್ತೆ?"

"ಇದೆ ಅಂತ ಎರಡು ವರ್ಷದಿಂದ ಹೇಳ್ತಿದೀಯ. ಎಷ್ಟಿದೆ?"

"ಎಷ್ಟಿರಬೇಕೋ ಅಷ್ಟಿದೆ."

"ಅದು ಅಳತೆ ಅಲ್ಲ. ತೋರಿಸು."

ಅಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಕಟ್ಟೆಯ ಮೇಲೆ ಕುಕ್ಕಿದ. "ನಾನೇನು ಕಳ್ಳನಾ?"

"ಗೇಜು ಕಳ್ಳ ಅಂತ ನಾವು ಪರೀಕ್ಷೆ ಮಾಡ್ತೀವಾ? ಅದರ ಪಾಡಿಗೆ ಅದು ತಪ್ಪಿರುತ್ತೆ."

ಬಿಲ್ಲುಗಳ ಕಟ್ಟು ಹಿಡಿದು ಮೇಲಿನ ಮನೆಯಿಂದ ಮೆಟ್ಟಿಲಿಳಿಯುತ್ತಿದ್ದ ಅತ್ತಿಗೆ ಅಲ್ಲೇ ನಿಂತರು. "ಕೇಳಿಸ್ಕೊಂಡ್ರಾ? ಇನ್ನು ನಿಮ್ಮನ್ನೇ ಪಂಪಿಗೆ ಸಿಕ್ಕಿಸಿ ಒತ್ತಿ ನೋಡ್ತಾಳಂತೆ."

"ಅತ್ತಿಗೆ, ಇದು ನಮ್ಮಿಬ್ಬರ ಮಾತು."

"ಹೌದಮ್ಮ, ನಾನು ಬಿಲ್ಲು ಬರೆಯೋಕೆ ಮಾತ್ರ ಈ ಮನೆಯವಳು."

"ಗೆಳೆಯನ ಲ್ಯಾಪ್‌ಟಾಪು ಆಫ್ ಆಗಿದೆ. ಅವನು ಹಡಗಿನ ಮೇಲಿದಾನೆ, ಬಂದ ಮೇಲೆ ತೋರಿಸ್ತೀನಿ" ಎಂದ ಅಣ್ಣ.

"ಹೋದ ತಿಂಗಳೂ ಹಡಗಿನ ಮೇಲಿದ್ದ."

"ಹಡಗಿನ ಕೆಲಸದವನು ಹಡಗಿನ ಮೇಲಿರದೆ ಮರದ ಮೇಲಿರ್ತಾನಾ?"

"ನೀನು ನೋಡಿದ್ದನ್ನ ನಾನೂ ನೋಡ್ಬೇಕು, ಅಷ್ಟೇ. ಈ ಕಟ್ಟೆ ಮೇಲೆ ಬೇರೆ ಎಲ್ಲದಕ್ಕೂ ಇರೋ ನಿಯಮ ನನ್ನ ದುಡ್ಡಿಗೆ ಮಾತ್ರ ಯಾಕಿಲ್ಲ?"

ಅವನ ಮುಖ ಕೆಂಪೇರಿತು. ಜೇಬಿನಿಂದ ಫೋನು ತೆಗೆದ. ಆ ಫೋನಿನಲ್ಲಿ ಆ ಖಾತೆಯನ್ನು ತೆರೆಯಲೇಬಾರದು, ತೆರೆದರೆ ಅವನು ಇಲ್ಲಿರುವುದು ಬಯಲಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತಂಗಿ ಬೇಡ ಎನ್ನಬಹುದಿತ್ತು. ಅವಳು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅಣ್ಣ ಪಾಸ್‌ವರ್ಡು ಒತ್ತಿ, ಬಂದ ಸಂಕೇತದ ಅಂಕಿಗಳನ್ನು ಒತ್ತಿ, ಫೋನನ್ನು ಅವಳ ಮೂಗಿನ ಮುಂದೆ ಹಿಡಿದ.

"ನೋಡು. ಕಣ್ತುಂಬ ನೋಡು."

ಸಂಖ್ಯೆ ಇತ್ತು. ಅವಳು ಮನಸ್ಸಿನಲ್ಲೇ ಇಟ್ಟುಕೊಂಡು ಬಂದ ಲೆಕ್ಕಕ್ಕೆ ದಶಾಂಶದವರೆಗೂ ಹೊಂದುತ್ತಿತ್ತು. ಇಬ್ಬರ ತಲೆಗಳೂ ಒಂದೇ ಬೆಳಕಿನ ಚೌಕದ ಮೇಲೆ ಬಾಗಿದ್ದವು.

"ನೋಡಿದ್ಯಾ?"

"ನೋಡ್ದೆ."

"ಸಹಿ ಹಾಕ್ತೀಯಾ, ಅದೂ ಬೇಕಾ?"

ಮಧ್ಯಾಹ್ನದ ಟೀ ಆರುವ ಮೊದಲೇ ಸಂದೇಶ ಬಂತು. ನಿಮ್ಮ ಖಾತೆಯನ್ನು ನಿರ್ಬಂಧಿತ ಪ್ರದೇಶದಿಂದ ಬಳಸಿರುವುದು ಕಂಡುಬಂದಿದೆ. ಪರಿಶೀಲನೆ ಮುಗಿಯುವವರೆಗೆ ಹಿಂಪಡೆಯುವಿಕೆಯನ್ನು ತಡೆಹಿಡಿಯಲಾಗಿದೆ. ನಿಮ್ಮ ಸಹನೆಗೆ ಧನ್ಯವಾದಗಳು.

ಅಣ್ಣ ಮತ್ತೆ ಖಾತೆ ತೆರೆದ. ಸಂಖ್ಯೆ ಹಾಗೆಯೇ ಇತ್ತು. ಹಣ ತೆಗೆಯುವ ಗುಂಡಿ ಮಾತ್ರ ಬೂದು ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ಒತ್ತಿದ, ಇನ್ನೂ ಜೋರಾಗಿ ಒತ್ತಿದ, ಕೆಟ್ಟ ಸ್ವಿಚ್ಚನ್ನು ಒತ್ತುವ ಹಾಗೆ. ಆಮೇಲೆ ತಂಗಿಯ ಕಡೆ ತಿರುಗಿದ.

"ಸಮಾಧಾನ ಆಯ್ತಾ?" ಎಂದ ಅವನು. "ಕೇಳಿ ಕೇಳಿ ಮುಚ್ಚಿಸಿದೆ."

"ನಾನು ಕೇಳಿದ್ದು ನೋಡೋಕೆ. ಫೋನಲ್ಲಿ ತೆರೆದವನು ನೀನು."

"ಕಳ್ಳ ಅಂದವಳು ನೀನು."

"ಆ ಪದ ಹೇಳಿದ್ದೂ ನೀನೇ."

ಮೇಲಿನಿಂದ ಅತ್ತಿಗೆಯ ದನಿ ಬಂತು. "ಇಬ್ಬರೂ ಬುದ್ಧಿವಂತರೇ. ಒಬ್ಬರು ಬುದ್ಧಿ ಇಲ್ಲದವರು ಇದ್ದಿದ್ರೆ ಆ ದುಡ್ಡು ಇನ್ನೂ ಕೈಯಲ್ಲಿರ್ತಿತ್ತು."

ಮುಂದಿನ ದಿನಗಳು ಎಕ್ಸ್‌ಚೇಂಜಿನ ಸಹಾಯ ಕೇಂದ್ರದ ಜೊತೆ ಕಳೆದವು. ಅಲ್ಲಿ ಉತ್ತರಿಸುತ್ತಿದ್ದದ್ದು ಮನುಷ್ಯನೋ ಯಂತ್ರವೋ ತಿಳಿಯುತ್ತಿರಲಿಲ್ಲ. ಬೈದರೂ ಧನ್ಯವಾದ, ಬೇಡಿದರೂ ಧನ್ಯವಾದ. ಕೊನೆಗೆ ಒಂದು ಸ್ಪಷ್ಟ ಉತ್ತರ ಬಂತು: ಖಾತೆದಾರನು ತಿಂಗಳ ಕೊನೆಯೊಳಗೆ ಬಂದರಿನ ಕಚೇರಿಗೆ ಖುದ್ದಾಗಿ ಬಂದು, ತಾನು ಅಲ್ಲೇ ವಾಸಿಸುತ್ತಿದ್ದೇನೆಂದು ಸಾಬೀತುಮಾಡಬೇಕು.

ಗಡಿ ದಾಟಲು ಅಣ್ಣನಿಗೆ ಪರವಾನಗಿ ಇತ್ತು. ತಂಗಿಗೆ ವೀಸಾ ಸಿಗುವ ಮಾತೇ ಇರಲಿಲ್ಲ. ಅಲ್ಲಿ ಏನಾಗುತ್ತದೋ ಅದನ್ನು ಒಬ್ಬನೇ ನೋಡುತ್ತಾನೆ.

"ನಾನು ಬರದೆ ನೀನು ಹೋಗಿ ಬಂದು ಏನು ಹೇಳಿದ್ರೂ..." ಎಂದಳು.

"ಹೇಳಿದ್ರೂ?"

"ಏನಿಲ್ಲ. ಹೋಗಿ ಬಾ."

"ಸೊಂಟಕ್ಕೆ ಕ್ಯಾಮೆರಾ ಕಟ್ಟಿ ಕಳ್ಸು ಬೇಕಾದ್ರೆ" ಎಂದು ಅವನು ಚೀಲ ಹೆಗಲಿಗೇರಿಸಿದ.

ಬಸ್ಸು, ಕಾಯುವ ಸಾಲು, ಹಡಗು, ಮತ್ತೆ ಕಾಯುವ ಸಾಲು. ಅವನು ಮರಳಿದಾಗ ಗಡ್ಡ ಬೆಳೆದಿತ್ತು, ಶೂ ಒದ್ದೆಯಾಗಿ ಒಣಗಿ ಬಿಳಿಗಟ್ಟಿತ್ತು. ಬಾಗಿಲಲ್ಲೇ ಹೇಳಿದ: "ಕೊಡ್ಲಿಲ್ಲ."

"ಯಾಕೆ?"

"ಅಲ್ಲಿನ ಮನೆಯ ಕರೆಂಟು ಬಿಲ್ಲು ಕೇಳಿದ್ರು, ನನ್ನ ಹೆಸರಲ್ಲಿ. ಮನೆ ಬಿಟ್ಟು ಎಷ್ಟು ಕಾಲ ಆಯ್ತು, ಬಿಲ್ಲು ಎಲ್ಲಿಂದ ತರಲಿ?"

"ಗೆಳೆಯನ ಮನೆ ವಿಳಾಸ?"

"ಅವನ ಬಿಲ್ಲಲ್ಲಿ ಅವನ ಹೆಸರಿರುತ್ತೆ ತಾಯಿ, ನನ್ನದಿರಲ್ಲ."

"ಮೇಲಿನವರನ್ನ ಕೇಳ್ಬೇಕಿತ್ತು."

"ಕೇಳ್ದೆ. ಹುಡುಗಿಯೊಬ್ಬಳು ಒಳಗೆ ಹೋಗಿ ಬಂದು, ನಗ್ತಾ, ಆಗಲ್ಲ ಅಂದಳು. ಎಷ್ಟು ಚೆನ್ನಾಗಿ ನಕ್ಕಳು ಅಂದ್ರೆ ನಾನೂ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಬೀದಿಗೆ ಬಂದ ಮೇಲೆ ಗೊತ್ತಾಯ್ತು ನಾನು ಏನು ಕಳ್ಕೊಂಡೆ ಅಂತ."

"ಏನಾದ್ರೂ ಬರೆದುಕೊಟ್ರಾ?"

"ಇಲ್ಲ."

"ಖಾತೆ ತೆರೆದು ತೋರಿಸು. ಈಗ ಮುಚ್ಚೋದೇನಿದೆ?"

ಅವನು ತೆರೆದ. ಈ ಸೇವೆ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂಬ ಒಂದು ಸಾಲು, ಕೆಳಗೆ ಖಾಲಿ ಪರದೆ. ಈಗ ಸಂಖ್ಯೆಯೂ ಇರಲಿಲ್ಲ.

ತಂಗಿ ತುಂಬ ಹೊತ್ತು ಆ ಖಾಲಿ ಜಾಗವನ್ನೇ ನೋಡಿದಳು. ಹಣ ಅಲ್ಲೇ ಸಿಕ್ಕಿಕೊಂಡಿದ್ದರೂ ಪರದೆ ಹೀಗೆಯೇ ಕಾಣುತ್ತದೆ. ಅವನು ಅದನ್ನು ತೆಗೆದು ಗೆಳೆಯನ ಕೈಯಲ್ಲಿಟ್ಟು ಬಂದಿದ್ದರೂ ಹೀಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವ ಗುರುತು ಅದರಲ್ಲಿ ಇರಲಿಲ್ಲ.

"ಅಲ್ಲಿ ನಡೆದದ್ದನ್ನ ನೋಡಿದವನು ನೀನೊಬ್ಬನೇ" ಎಂದಳು.

"ಅಂದ್ರೆ?"

"ಅಂದ್ರೆ ಅಷ್ಟೇ."

ಅವನು ಚೀಲವನ್ನು ನೆಲಕ್ಕೆ ಎಸೆದ. "ದಾರಿಯುದ್ದಕ್ಕೂ ಲೆಕ್ಕ ಹಾಕ್ತಾ ಬಂದೆ, ಇವಳು ಏನಂತಾಳೆ ಅಂತ. ಪಾಪ, ಸುಸ್ತಾಗಿದೀಯ, ಕೂತ್ಕೋ ಅಂತಾಳೇನೋ ಅಂದ್ಕೊಂಡೆ. ಥೂ."

ತಂಗಿ ಕಟ್ಟೆಯ ಬಳಿ ಹೋದಳು. ಮಾಸ್ಟರ್ ಗೇಜನ್ನು ಹಿಡಿದಿದ್ದ ನಟ್ಟನ್ನು ಸಡಿಲಿಸಿ ಬಿಚ್ಚಿ, ಅದರ ಮರದ ಪೆಟ್ಟಿಗೆಯಲ್ಲಿ, ಬಟ್ಟೆಯ ಹಾಸಿನ ಮೇಲೆ ಮಲಗಿಸಿದಳು.

"ಏನ್ ಮಾಡ್ತಿದೀಯ?"

"ಇದರಲ್ಲೂ ನನ್ನ ಅರ್ಧ ಇದೆ. ಆ ದುಡ್ಡಿನ ಅರ್ಧ ಬರೋವರೆಗೂ ಇದು ನನ್ನ ಹತ್ರ ಇರುತ್ತೆ. ಬೆಳಿಗ್ಗೆ ತರ್ತೀನಿ, ಸಂಜೆ ತಗೊಂಡು ಹೋಗ್ತೀನಿ."

"ಎಲ್ಲಿಗೆ?"

"ಹಾಸ್ಟೆಲಿಗೆ. ಇವತ್ತಿಂದ ನಾನು ಈ ಮನೇಲಿ ಇರಲ್ಲ."

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. "ಅಯ್ಯೋ ಮಹಾರಾಯ್ತಿ, ಅದು ಅಲುಗಾಡಬಾರದು ಅಂತ ನನ್ನನ್ನ ಧೂಳು ಒರೆಸೋಕೂ ಬಿಡಲ್ಲ ನೀನು. ಬಸ್ಸಲ್ಲಿ ಹೊತ್ಕೊಂಡು ಹೋಗ್ತೀಯಾ?"

ಅಣ್ಣ ಅತ್ತಿಗೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. "ಹೋಗ್ಲಿ ಬಿಡು. ಪೆಟ್ಟಿಗೆ ಓರೆ ಮಾಡ್ಬೇಡ" ಎಂದ ತಂಗಿಗೆ. ಅದು ಕಾಳಜಿಯ ಮಾತೇನೂ ಆಗಿರಲಿಲ್ಲ. ಕೆಲಸದವರಿಗೆ ಹೇಳುವ ಹಾಗೆ ಹೇಳಿದ್ದ.

ಆಮೇಲೆ ಅವರ ನಡುವೆ ಉಳಿದದ್ದು ಸಂಖ್ಯೆಗಳು ಮಾತ್ರ. ಬೆಳಿಗ್ಗೆ ಅವಳು ಪೆಟ್ಟಿಗೆ ತರುತ್ತಿದ್ದಳು. ಅವನು ಮಾಸ್ಟರನ್ನು ಕೂರಿಸುತ್ತಿದ್ದ. ಒತ್ತಡ ಏರಿಸಿ, ಇಳಿಸಿ, ಮುಳ್ಳು ಸೊನ್ನೆಗೆ ಮರಳಿತೇ ಎಂದು ನೋಡಿ, "ಬಂತು" ಎನ್ನುತ್ತಿದ್ದ. ಅವಳು ನೋಡಿ "ಬಂತು" ಎನ್ನುತ್ತಿದ್ದಳು. ಆಮೇಲೆ ಸಂಜೆಯವರೆಗೆ ನಾಲ್ಕು, ನಾಲ್ಕು, ಆರೂವರೆ, ಆರೂವರೆ. ಹೊರಗಿನವರು ಕೇಳಿದ್ದರೆ ಇಷ್ಟು ಒಮ್ಮತದ ಅಣ್ಣತಂಗಿ ಇಲ್ಲವೇ ಇಲ್ಲ ಎಂದುಕೊಳ್ಳುತ್ತಿದ್ದರು. ಹಡಗು ಕಂಪನಿಯ ಪೆಟ್ಟಿಗೆಗಳು ನಿಂತವು. ತಿಂಗಳು ಮುಗಿಯಿತು. ದಪ್ಪ ನೆಲದ ಕೋಣೆಯನ್ನು ಒಡತಿ ಒಂದು ಮುದ್ರಣಾಲಯಕ್ಕೆ ಕೊಟ್ಟರು.

ಹಾಸ್ಟೆಲಿನ ಮಂಚದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಅವಳು ಯೋಚಿಸುತ್ತಿದ್ದಳು. ಮಾಸ್ಟರ್ ಎಂದರೆ ಅಣ್ಣನಿಗೆ ಅನ್ನ. ದಿನವೂ ಅದು ಬಸ್ಸಿನಲ್ಲಿ ಕುಲುಕುತ್ತ ಓಡಾಡುವುದನ್ನು ಅವನು ಹಲ್ಲು ಕಚ್ಚಿ ನೋಡುತ್ತಿದ್ದ. ಕೈಯಲ್ಲಿ ಹಣ ಇದ್ದವನು ಇದನ್ನು ಎಷ್ಟು ದಿನ ಸಹಿಸುತ್ತಾನೆ? ಒಂದಿಷ್ಟನ್ನಾದರೂ ಎಲ್ಲಿಂದಲೋ ಸಿಕ್ಕಿತು ಎಂದು ತಂದು ಕೊಟ್ಟು ಗೇಜನ್ನು ಉಳಿಸಿಕೊಳ್ಳುತ್ತಿದ್ದ. ಅವನು ತರಲಿಲ್ಲ. ಬದಲಿಗೆ ಮೋಟಾರ್‌ಸೈಕಲ್ ಮಾರಿ ಬಾಡಿಗೆ ಕಟ್ಟಿದ. ಅತ್ತಿಗೆ ಮನೆಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳತೊಡಗಿದರು.

ಹಾಗಾದರೆ ಅವನು ಹೇಳಿದ್ದು ನಿಜ. ನೇರವಾಗಿ ಅಳೆಯಲಾಗದ್ದನ್ನು ಅದರ ಪರಿಣಾಮದಿಂದ ಅಳೆಯುವುದು ಅವಳಿಗೆ ಹೊಸದಲ್ಲ. ಈ ತೀರ್ಮಾನದಲ್ಲಿ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಆದರೂ ಮರುದಿನ ಸಂಜೆ ಪೆಟ್ಟಿಗೆಯನ್ನು ತೆಗೆದುಕೊಂಡೇ ಹೊರಟಳು. ಅದರ ಮರುದಿನವೂ. ಬಿಟ್ಟುಹೋದರೆ ಅವನು ಗೆದ್ದಂತೆ. ಅವನಿಗೂ ದುಡ್ಡು ಹೋಗಿದೆ, ಸರಿ. ಆದರೆ ಅವನ ಕುರ್ಚಿ ಹೋಗಿಲ್ಲ, ಅವನ ಕಟ್ಟೆ ಹೋಗಿಲ್ಲ. ಅವಳಿಗೆ ಆ ಕೋಣೆ ಹೋಯಿತು. ಅವನ ಮುಖ ಪ್ರತಿ ಸಂಜೆ ಬಿಗಿಯಾಗುವುದನ್ನು ನೋಡುವುದು ಅವಳಿಗೆ ಬೇಕಾಗಿತ್ತು.

ಒಂದು ಬೆಳಿಗ್ಗೆ ಬಸ್ಸು ತಟ್ಟನೆ ಬ್ರೇಕು ಹಾಕಿತು. ಹಿಂದೆ ನಿಂತಿದ್ದವನು ಅವಳ ಮೇಲೆ ವಾಲಿದ. ಪೆಟ್ಟಿಗೆ ಮಡಿಲಿನಿಂದ ಜಾರಿ ಕಬ್ಬಿಣದ ನೆಲಕ್ಕೆ ಮೂಲೆಯ ಮೇಲೆ ಬಿತ್ತು. ಅವಳು ಅಲ್ಲೇ ಕೂತು ಮುಚ್ಚಳ ತೆರೆದಳು. ಗಾಜು ಒಡೆದಿರಲಿಲ್ಲ. ಮುಳ್ಳು ಸೊನ್ನೆಯ ಮೇಲಿತ್ತು, ಅಥವಾ ಓಡುವ ಬಸ್ಸಿನಲ್ಲಿ ಹಾಗೆ ಕಂಡಿತು.

ಕಾರ್ಯಾಗಾರದಲ್ಲಿ ಆಸ್ಪತ್ರೆಯ ಮೆಕ್ಯಾನಿಕ್ಕು ಸ್ಟೆರಿಲೈಸರಿನ ಗೇಜು ಹಿಡಿದು ಕಾಯುತ್ತಿದ್ದ. "ಬೇಗ ನೋಡಿಕೊಡಿ ಸಾರ್, ಆಪರೇಷನ್ ಸಾಮಾನೆಲ್ಲ ಹಾಗೇ ಬಿದ್ದಿದೆ, ಡಾಕ್ಟರು ನನ್ನನ್ನೇ ಕುದಿಸ್ತಾರೆ." ಬಹಳ ದಿನಗಳ ಮೇಲೆ ಬಂದ ದೊಡ್ಡ ಗಿರಾಕಿ. ಇದು ಸರಿಹೋದರೆ ಇಡೀ ಆಸ್ಪತ್ರೆಯ ಗೇಜುಗಳು ಇಲ್ಲಿಗೇ ಬರುತ್ತವೆ ಎಂದೂ ಹೇಳಿದ.

ಅಣ್ಣ ಮಾಸ್ಟರನ್ನು ಕೂರಿಸಿ, ಪಂಪು ಒತ್ತಿ ಒತ್ತಡ ಏರಿಸಿದ, ಇಳಿಸಿದ. ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ ಬಾಗಿದ. ಎಂದಿಗಿಂತ ಹೆಚ್ಚು ಹೊತ್ತು ಬಾಗಿದ್ದ. ತಂಗಿ ಅವನ ಬೆನ್ನನ್ನು ನೋಡುತ್ತಿದ್ದಳು. ಬಂತು ಎಂದುಬಿಡಲಿ, ನಾನೂ ಬಂತು ಎನ್ನುತ್ತೇನೆ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು.

"ಬಂದಿಲ್ಲ" ಎಂದ ಅವನು.

ಅವಳು ಬಾಗಿದಳು. ಬಿಂಬ ಮುಳ್ಳಿನ ಹಿಂದೆ ಅಡಗುವವರೆಗೆ ತಲೆ ಸರಿಸಿದಳು. ಸೊನ್ನೆಯ ಗೆರೆಗೂ ಮುಳ್ಳಿಗೂ ನಡುವೆ ಕೂದಲೆಳೆಯಷ್ಟು ಬಿಳಿ ಕಾಣುತ್ತಿತ್ತು. ಇಷ್ಟನ್ನು ಬೇರೆ ಯಾರೂ ಗಮನಿಸುತ್ತಿರಲಿಲ್ಲ. ಅವನು ಗಮನಿಸಿದ್ದ, ಹೇಳಿದರೆ ತನ್ನ ಅನ್ನಕ್ಕೇ ಕಲ್ಲು ಬೀಳುತ್ತದೆ ಎಂದು ಗೊತ್ತಿದ್ದೂ ಹೇಳಿದ್ದ.

"ಬಂದಿಲ್ಲ" ಎಂದಳು.

ಅಣ್ಣ ಮೆಕ್ಯಾನಿಕ್ಕಿನ ಕಡೆ ತಿರುಗಿದ. "ಬೇರೆ ಕಡೆ ತೋರಿಸ್ಕೊಳಿ. ನಮ್ಮದೇ ಕೆಟ್ಟಿದೆ." ಮೆಕ್ಯಾನಿಕ್ಕು ಗೊಣಗುತ್ತ ಗೇಜು ತೆಗೆದುಕೊಂಡು ಹೋದ.

"ಬಸ್ಸಲ್ಲಿ ಬಿತ್ತು" ಎಂದಳು ತಂಗಿ. "ಇವತ್ತೇ. ನಿನ್ನೆವರೆಗೆ ಸರಿಯಿತ್ತು, ಇಬ್ಬರೂ ನೋಡಿದೀವಿ."

"ಗೊತ್ತು." ಅವನು ಕೂಗಾಡಲಿಲ್ಲ. ಪಂಪಿನ ಹಿಡಿಯನ್ನು ಚಿಂದಿಯಿಂದ ಒರೆಸುತ್ತಿದ್ದ. ಕೂಗಾಡಿದ್ದರೆ ಅವಳಿಗೆ ಉತ್ತರ ಸಿದ್ಧವಿತ್ತು.

"ಅಣ್ಣ, ಅಲ್ಲಿ ಕೊಡಲಿಲ್ಲ ಅಂತ ನೀನು ಹೇಳಿದ್ದು ನಿಜ. ನಂಗೊತ್ತು."

ಅವನ ಕೈ ನಿಂತಿತು. "ಈಗ ಗೊತ್ತಾಯ್ತಾ?"

"ಮುಂಚೆನೇ ಗೊತ್ತಾಗಿತ್ತು. ನೀನು ಮೋಟಾರ್‌ಸೈಕಲ್ ಮಾರಿದಾಗ."

"ಗೊತ್ತಾದ ಮೇಲೂ ಇದನ್ನ ಹೊತ್ಕೊಂಡು ಓಡಾಡ್ದೆ."

ಅವನು ಉತ್ತರಕ್ಕೆ ಕಾಯಲಿಲ್ಲ. ಡ್ರಾಯರು ಎಳೆದು ಒಂದು ಕೆಂಪು ಚೀಟಿ ತೆಗೆದ, ದಾರ ಪೋಣಿಸಿದ, ಮಾಸ್ಟರಿನ ಹಿತ್ತಾಳೆಯ ಕುತ್ತಿಗೆಗೆ ಕಟ್ಟಿದ. ಮೇಲಿನ ಸಾಲಿನಲ್ಲಿ ತನ್ನ ಸಹಿ ಹಾಕಿ ಪೆನ್ನನ್ನು ಕಟ್ಟೆಯ ಮೇಲೆ ಅವಳತ್ತ ಉರುಳಿಸಿದ.

"ನೋಡಿದೀಯಲ್ಲ" ಎಂದ. "ಹಾಕು."

ಅವಳು ಎರಡನೇ ಸಾಲಿನಲ್ಲಿ ಸಹಿ ಹಾಕಿದಳು.